ಏರ್ ಬೆಡ್ ವಿಮರ್ಶೆ: ಪಂಪು ಓಡುತ್ತಿದ್ದರೂ ಮಗ್ಗುಲು ಬದಲಿಸಲೇಬೇಕು

“ಏರ್ ಬೆಡ್ ಹಾಕಿಸಿದ್ದೇವಲ್ಲ, ಮತ್ತೆ ಯಾಕೆ ಹುಣ್ಣಾಯಿತು?” ಹಾಸಿಗೆ ಹಿಡಿದ ಹಿರಿಯರ ಆರೈಕೆಯಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ ಇದು. ಮಲಗಿದಲ್ಲೇ ಒತ್ತಿ ಆಗುವ ಹುಣ್ಣನ್ನು ತಡೆಯಲೆಂದು ಪಂಪಿನಿಂದ ಗಾಳಿ ತುಂಬುವ ಹಾಸಿಗೆಯೇ ಏರ್ ಬೆಡ್. ಹಾಸಿಗೆ ಹಾಸಿದ ರೀತಿಯನ್ನು ಒಮ್ಮೆ ನೋಡಿದರೆ ಬಹಳಷ್ಟು ಸಲ ಉತ್ತರ ಸಿಕ್ಕಿಬಿಡುತ್ತದೆ: ಮೇಲೆ ನಾಲ್ಕು ಪದರ ಬಟ್ಟೆ, ಅಂದಾಜಿನಲ್ಲಿ ತಿರುಗಿಸಿಟ್ಟ ಗಾಳಿಯ ಒತ್ತಡದ ಡಯಲ್, ಪಂಪು ಇದೆಯೆಂಬ ಧೈರ್ಯದಲ್ಲಿ ನಿಂತೇಹೋದ ಮಗ್ಗುಲು ಬದಲಾವಣೆ. ಇಲ್ಲಿ ಬರೆದಿರುವುದು ಯಾವುದೋ ಒಂದು ಕಂಪನಿಯ ಮಾಲಿನ ಬಗ್ಗೆ ಅಲ್ಲ. ಮಾರುಕಟ್ಟೆಯಲ್ಲಿರುವ ಎರಡು ಮುಖ್ಯ ಬಗೆಯ ಏರ್ ಬೆಡ್‌ಗಳ ಬಗ್ಗೆ, ಅವುಗಳ ಮೇಲೆ ಮಲಗಿದವರನ್ನು ದಿನವಿಡೀ ನೋಡಿಕೊಳ್ಳುವ ಕೆಲಸದ ಬಗ್ಗೆ.

ಮೊದಲು ಈ ಹಾಸಿಗೆ ಮಾಡುವುದೇನು ನೋಡೋಣ. ಒಂದೇ ಭಂಗಿಯಲ್ಲಿ ಮಲಗಿದವರ ಚರ್ಮ ಮತ್ತು ಮಾಂಸ, ಒಳಗಿನ ಮೂಳೆಗೂ ಕೆಳಗಿನ ಹಾಸಿಗೆಗೂ ನಡುವೆ ಸಿಕ್ಕಿ ಅದುಮಿಹೋಗುತ್ತವೆ. ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು, ಹೊತ್ತು ಕಳೆದಂತೆ ಆ ಭಾಗ ಸಾಯತೊಡಗುತ್ತದೆ. ಆರೋಗ್ಯವಂತರು ನಿದ್ದೆಯಲ್ಲೂ ಹೊರಳುತ್ತಾರೆ. ಲಕ್ವ ಹೊಡೆದವರು, ತೀರ ನಿಶ್ಶಕ್ತರು, ಮರೆವಿನ ಕಾಯಿಲೆ ಕೊನೆಯ ಹಂತ ಮುಟ್ಟಿದವರು ಹೊರಳಲಾರರು. ಏರ್ ಬೆಡ್‌ನಲ್ಲಿ ಗಾಳಿಯ ಕೋಶಗಳು ಎರಡು ಗುಂಪಾಗಿರುತ್ತವೆ. ಒಂದು ಗುಂಪು ಉಬ್ಬಿ ಮೈಯನ್ನು ಹೊತ್ತಿರುವಾಗ ಇನ್ನೊಂದು ಇಳಿದಿರುತ್ತದೆ. ಸುಮಾರು 10 ನಿಮಿಷಕ್ಕೊಮ್ಮೆ ಅದಲುಬದಲಾಗುತ್ತವೆ. ಹೀಗೆ ಒತ್ತಡ ಒಂದೇ ಜಾಗದಲ್ಲಿ ಕೂರದೆ ಸರದಿಯಂತೆ ಜಾಗ ಬದಲಿಸುತ್ತದೆ. ಆದರೆ ಭಂಗಿ ಬದಲಾಗುವುದಿಲ್ಲ. ಅಂಗಾತ ಮಲಗಿದವರು ಅಂಗಾತವೇ ಇರುತ್ತಾರೆ, ಹಿಮ್ಮಡಿ ಅಲ್ಲೇ ಊರಿರುತ್ತದೆ, ಶ್ವಾಸಕೋಶದ ಹಿಂಭಾಗದಲ್ಲಿ ಕಫ ಅಲ್ಲೇ ನಿಂತಿರುತ್ತದೆ, ಕೀಲುಗಳು ಬಿಗಿಯುತ್ತಲೇ ಇರುತ್ತವೆ. ಈ ಕೆಲಸಗಳು ಕೈಯದ್ದು.

ಎರಡು ಬಗೆ

ಮೊದಲನೆಯದು ಗುಳ್ಳೆ ಹಾಸಿಗೆ. ತೆಳು ಪಿವಿಸಿ ಹಾಳೆಯಲ್ಲಿ ನೂರಕ್ಕೂ ಹೆಚ್ಚು ಗುಳ್ಳೆಗಳು. ಉಬ್ಬಿದಾಗ ಎತ್ತರ ಎರಡೂವರೆ ಇಂಚಿನ ಆಸುಪಾಸು. ಇದನ್ನು ಇರುವ ಹಾಸಿಗೆಯ ಮೇಲೆಯೇ ಹಾಸಬೇಕು, ಬರೀ ಹಲಗೆಯ ಮೇಲೆ ಹಾಸುವಂಥದ್ದಲ್ಲ. ಹಗುರ, ಅಗ್ಗ, ಪಂಪು ತುಂಬ ಕಡಿಮೆ ಕರೆಂಟ್ ತಿನ್ನುತ್ತದೆ. ಕೊರತೆಗಳೂ ಅಷ್ಟೇ ಸ್ಪಷ್ಟ. ಒಂದು ಗುಳ್ಳೆ ತೂತಾದರೆ ಆ ಗುಂಪು ಪೂರ್ತಿ ಸೋರತೊಡಗುತ್ತದೆ. ಭಾರದ ಮೈಯವರ ಸೊಂಟ ಗುಳ್ಳೆಗಳನ್ನು ಅದುಮಿ ತಳ ಮುಟ್ಟಿಬಿಡುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಬೆವರು ನಿಲ್ಲುತ್ತದೆ. ಚರ್ಮ ಇನ್ನೂ ಚೆನ್ನಾಗಿರುವ, ತೆಳ್ಳಗಿನ, ಕೆಲವೇ ವಾರ ಹಾಸಿಗೆಯಲ್ಲಿರಬೇಕಾದವರಿಗೆ ಇದು ಸಾಕು. ಸೊಂಟದಲ್ಲಿ ಆಗಲೇ ತೆರೆದ ಹುಣ್ಣಿರುವವರನ್ನು ಇದರ ಮೇಲೆ ಮಲಗಿಸಿ ನಿಶ್ಚಿಂತೆಯಿಂದಿರುವುದು ತಪ್ಪು.

ಎರಡನೆಯದು ಕೊಳವೆ ಹಾಸಿಗೆ. ಅಡ್ಡಡ್ಡಲಾಗಿ ಜೋಡಿಸಿದ 17ರಿಂದ 20 ಕೊಳವೆಗಳು, ಎತ್ತರ 4–5 ಇಂಚು. ಇನ್ನೂ ದೊಡ್ಡವು 8 ಇಂಚಿನವು, ಅವನ್ನು ಮಾಮೂಲಿ ಹಾಸಿಗೆ ತೆಗೆದು ನೇರವಾಗಿ ಮಂಚದ ಮೇಲೆ ಹಾಕುತ್ತಾರೆ. ಕೊಳವೆ ತೂತಾದರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ಮೇಲ್ಹೊದಿಕೆ ಹಿಗ್ಗುವ, ನೀರು ಒಳಗೆ ಬಿಡದ, ಆದರೆ ಆವಿ ಹಾಯುವ ಬಟ್ಟೆಯದು. ಒಳ್ಳೆಯ ಮಾದರಿಗಳಲ್ಲಿ ತಲೆಯ ಕೆಳಗಿನ ಎರಡು-ಮೂರು ಕೊಳವೆಗಳು ಏರಿಳಿಯದೆ ಸ್ಥಿರವಾಗಿರುತ್ತವೆ. ತಲೆ ಅಲುಗಾಡಿದರೆ ಹೊಟ್ಟೆ ತೊಳಸುವವರಿಗೆ ಇದು ದೊಡ್ಡ ಉಪಕಾರ. ಪಂಪಿನಲ್ಲಿ ಕಿಲೋ ಲೆಕ್ಕದ ಡಯಲ್, ಎಲ್ಲ ಕೊಳವೆಗಳನ್ನೂ ಸಮವಾಗಿ ಉಬ್ಬಿಸುವ ಸ್ಟ್ಯಾಟಿಕ್ ಗುಂಡಿ, ಗಾಳಿ ಕಡಿಮೆಯಾದರೆ ಕೂಗುವ ಅಲಾರಂ, ಹೃದಯ ನಿಂತು ಎದೆ ಒತ್ತಬೇಕಾದ ತುರ್ತಿಗೆ ಗಾಳಿ ಬಿಡುವ ಸಿಪಿಆರ್ ವಾಲ್ವ್ ಇರುತ್ತವೆ. ತಿಂಗಳುಗಟ್ಟಲೆ ಮಲಗಬೇಕಾದವರಿಗೆ, ಭಾರದವರಿಗೆ, ಹುಣ್ಣಾದವರಿಗೆ ಇದನ್ನೇ ಕೊಳ್ಳಬೇಕು. ಕೊಳ್ಳಲು ಆಗದಿದ್ದರೆ ಬಾಡಿಗೆಗೆ ತರುವುದು, ಕೊಂಡ ಗುಳ್ಳೆ ಹಾಸಿಗೆಗಿಂತ ಮೇಲು.

ಜಾಹೀರಾತುಗಳಲ್ಲಿ “32 ಎಂಎಂಎಚ್‌ಜಿಗಿಂತ ಕಡಿಮೆ ಒತ್ತಡ” ಎಂಬ ಸಾಲು ಕಂಡರೆ ಮರುಳಾಗಬೇಡಿ (ಎಂಎಂಎಚ್‌ಜಿ ಎಂದರೆ ರಕ್ತದೊತ್ತಡ ಅಳೆಯುವ ಮಾನ). ಆ ಅಂಕಿಯ ಮೂಲ 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಉಗುರಿನ ಬುಡದ ಸೂಕ್ಷ್ಮ ರಕ್ತನಾಳಗಳಲ್ಲಿ ಅಳೆದ ಸರಾಸರಿ ಒತ್ತಡ. ರಕ್ತದೊತ್ತಡ ಕುಸಿದ, ಮಾಂಸ ಕರಗಿದ ಎಂಬತ್ತು ದಾಟಿದವರ ಸೊಂಟಕ್ಕೆ ಅದನ್ನು ಗೆರೆ ಎಳೆದಂತೆ ಅನ್ವಯಿಸಲು ಬರುವುದಿಲ್ಲ. ಅದಕ್ಕಿಂತ ಕಡಿಮೆ ಒತ್ತಡದಲ್ಲೂ ಹೊತ್ತು ಹೆಚ್ಚಾದರೆ ಹುಣ್ಣಾಗುತ್ತದೆ.

ಇನ್ನೊಂದು ಮಾತು ಮಾರುವವರು ಹೇಳುವುದಿಲ್ಲ. 2019ರಲ್ಲಿ ಪ್ರಕಟವಾದ, ಬ್ರಿಟನ್ನಿನಲ್ಲಿ 2029 ರೋಗಿಗಳ ಮೇಲೆ ನಡೆದ ಪ್ರೆಷರ್ 2 ಎಂಬ ಪ್ರಯೋಗ, ಏರಿಳಿಯುವ ಗಾಳಿ ಹಾಸಿಗೆಯನ್ನು ಉತ್ತಮ ದರ್ಜೆಯ ಫೋಮ್ ಹಾಸಿಗೆಯೊಂದಿಗೆ ಹೋಲಿಸಿತು. ಹೊಸ ಹುಣ್ಣಾದವರು ಗಾಳಿ ಹಾಸಿಗೆಯಲ್ಲಿ 6.9%, ಫೋಮ್‌ನಲ್ಲಿ 8.9%, ಇದು ಖಚಿತ ವ್ಯತ್ಯಾಸ ಎನ್ನುವಷ್ಟು ಪುರಾವೆ ಸಿಗಲಿಲ್ಲ. ಎಂದರೆ ತಾನಾಗಿ ಸ್ವಲ್ಪವಾದರೂ ಹೊರಳಬಲ್ಲ, ಕೈ ಹಿಡಿದರೆ ಎದ್ದು ಕೂರಬಲ್ಲ ಹಿರಿಯರಿಗೆ ಒಳ್ಳೆಯ ಫೋಮ್ ಹಾಸಿಗೆಯೇ ಲೇಸು. ಗಾಳಿಯ ಮೇಲೆ ಮೊಣಕೈ ಊರಿ ಏಳಲು ಆಗುವುದಿಲ್ಲ. ಎದ್ದು ಓಡಾಡುತ್ತಿದ್ದವರು ಏಳುವುದನ್ನೇ ಬಿಟ್ಟರೆ ಹಾಸಿಗೆ ತಂದ ಉದ್ದೇಶವೇ ಹಾಳಾಯಿತು. ಬೆನ್ನುಮೂಳೆ ಮುರಿದು ಇನ್ನೂ ಗಟ್ಟಿಯಾಗದವರಿಗೆ ವೈದ್ಯರನ್ನು ಕೇಳದೆ ಏರ್ ಬೆಡ್ ಹಾಕಲೇಬಾರದು.

ಹಾಸುವಾಗ ಆಗುವ ತಪ್ಪುಗಳು

ಗುಳ್ಳೆ ಮೇಲ್ಮುಖವಾಗಿರಬೇಕು. ಹೇಳಬೇಕಾದ ಮಾತೇ ಅಲ್ಲ ಅನಿಸಬಹುದು, ಆದರೆ ತಲೆಕೆಳಗಾಗಿ ಹಾಸಿದ್ದು ಅಪರೂಪವೇನಲ್ಲ. ಪೈಪುಗಳು ಕಾಲ ಕಡೆಗೆ ಬರಬೇಕು. ಎರಡೂ ತುದಿಯ ಪಟ್ಟಿಗಳನ್ನು ಕೆಳಗಿನ ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಬೇಕು. ಇಲ್ಲದಿದ್ದರೆ ಮಂಚದ ತಲೆಭಾಗ ಎತ್ತಿದಾಗ ಹಾಸಿಗೆ ಮನುಷ್ಯನ ಸಮೇತ ಜಾರುತ್ತದೆ. ಪಂಪನ್ನು ಕಾಲ ಕಡೆಯ ಕಂಬಿಗೆ ನೇತುಹಾಕಿ, ಮೇಲೆ ಹೊದಿಕೆ ಬೀಳದಂತೆ ನೋಡಿಕೊಳ್ಳಿ. ಬಿಸಿ ಹೊರಹೋಗದೆ ಕೆಡುತ್ತದೆ. ಮಂಚ ಎತ್ತಿ ಇಳಿಸುವಾಗ ಪೈಪು ಚೌಕಟ್ಟಿಗೆ ಸಿಕ್ಕಿ ಮಡಚಿಕೊಳ್ಳುವುದು ಬಹಳ ಸಾಮಾನ್ಯ. ಒಂದು ಪೈಪು ಮಡಚಿದರೆ ಅರ್ಧ ಕೋಶಗಳು ಇದ್ದ ಸ್ಥಿತಿಯಲ್ಲೇ ನಿಂತುಬಿಡುತ್ತವೆ, ಒತ್ತಡ ಜಾಗ ಬದಲಿಸುವ ಸರದಿ ತಪ್ಪಿಹೋಗುತ್ತದೆ. ಮಾಮೂಲಿ ಹಾಸಿಗೆಗಿಂತ ಕೆಟ್ಟ ಸ್ಥಿತಿ ಅದು, ಪಂಪಿನ ದೀಪ ಮಾತ್ರ ಹಸಿರಾಗಿಯೇ ಉರಿಯುತ್ತಿರುತ್ತದೆ.

ಖಾಲಿ ಹಾಸಿಗೆ ಪೂರ್ತಿ ಉಬ್ಬಲು ಅರ್ಧ ಗಂಟೆಯಾದರೂ ಬಿಡಿ. ಆಮೇಲೆ ಮನುಷ್ಯನನ್ನು ಮಲಗಿಸಿ, ಡಯಲನ್ನು ತೂಕಕ್ಕೆ ಹೊಂದಿಸಿ, ಎರಡು ಸುತ್ತು ಏರಿಳಿಯಲು ಬಿಟ್ಟು, ಆಮೇಲೆ ಕೈ ಪರೀಕ್ಷೆ ಮಾಡಿ. ಅಂಗೈ ಮೇಲ್ಮುಖವಾಗಿಟ್ಟು ಕೈಯನ್ನು ಹಾಸಿಗೆಯ ಅಡಿಯಿಂದ, ಬೆನ್ನಿನ ಬುಡದಲ್ಲಿರುವ ಸೊಂಟದ ಮೂಳೆಯ ನೇರಕ್ಕೆ, ಇಳಿದಿರುವ ಕೋಶದ ಕೆಳಗೆ ತೂರಿಸಬೇಕು. ಕೈಗೂ ಮೈಗೂ ನಡುವೆ ಕನಿಷ್ಠ ಒಂದು ಇಂಚು ಗಾಳಿಯ ಮೆತ್ತೆ ತಿಳಿಯಬೇಕು. ಮೂಳೆ ನೇರವಾಗಿ ಕೈಗೆ ಒತ್ತಿದರೆ ತಳ ಮುಟ್ಟಿದೆ ಎಂದರ್ಥ, ಒಂದು ಹಂತ ಹೆಚ್ಚಿಸಿ. ಮೈ ಸ್ವಲ್ಪವೂ ತಗ್ಗದೆ ಹಲಗೆಯ ಮೇಲೆ ಇಟ್ಟಂತಿದ್ದರೆ ಗಾಳಿ ಜಾಸ್ತಿಯಾಗಿದೆ, ಕಡಿಮೆ ಮಾಡಿ. ಗಟ್ಟಿಯಾಗಿದ್ದರೆ ಒಳ್ಳೆಯದು ಎಂದು ಡಯಲನ್ನು ತುದಿಗೆ ತಿರುಗಿಸಿಡುವುದು ಅತಿ ಸಾಮಾನ್ಯ ತಪ್ಪು. ಆಗ ಏರ್ ಬೆಡ್ಡಿನ ಗುಣವೇ ಉಳಿಯುವುದಿಲ್ಲ. ಊಟಕ್ಕೆಂದು ತಲೆಭಾಗ ಎತ್ತಿದಾಗ ಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ, ಆಗ ಇನ್ನೊಮ್ಮೆ ಪರೀಕ್ಷಿಸಬೇಕು. ಈ ಪರೀಕ್ಷೆ ದಿನಕ್ಕೊಂದು ಸಲ, ಪ್ರತಿ ಪಾಳಿಯ ಆರಂಭದಲ್ಲಾದರೆ ಇನ್ನೂ ಒಳ್ಳೆಯದು. ಕೂಗುವ ಅಲಾರಂ ಇದ್ದರೂ ಕೈ ಹೇಳುವಷ್ಟನ್ನು ಅದು ಹೇಳಲಾರದು.

ಬಟ್ಟೆಯ ವಿಚಾರಕ್ಕೆ ಬರೋಣ. ಏರ್ ಬೆಡ್ಡಿನ ಮೇಲೆ ಒಂದೇ ಒಂದು ಹತ್ತಿ ಬೆಡ್‌ಶೀಟು, ಸಡಿಲವಾಗಿ. ಬಿಗಿಯಾಗಿ ಎಳೆದು ಸಿಕ್ಕಿಸಿದ ಶೀಟು ತೊಟ್ಟಿಲಂತೆ ಮೈಯನ್ನು ತಾನೇ ಹೊತ್ತುಬಿಡುತ್ತದೆ, ಕೆಳಗೆ ಕೋಶ ಏರಿದರೂ ಇಳಿದರೂ ಮೈಗೆ ತಿಳಿಯುವುದಿಲ್ಲ. ಅದರ ಮೇಲೆ ಮೈ ಸರಿಸಲು ಅಡ್ಡಕ್ಕೆ ಹಾಸುವ ಡ್ರಾ ಶೀಟು, ಬೇಕಾದರೆ ಒದ್ದೆ ಹೀರುವ, ಗಾಳಿಯಾಡುವ ಒಂದು ಅಂಡರ್‌ಪ್ಯಾಡ್. ಕಂಬಳಿ, ರಬ್ಬರ್ ಶೀಟು, ಮಡಚಿದ ಹಳೆಯ ಸೀರೆ, ಅದರ ಮೇಲೆ ದಪ್ಪ ಡಯಾಪರ್ ಎಂದು ಪೇರಿಸಿದರೆ ಪ್ರತಿ ಪದರವೂ ಗಾಳಿಯ ಕೆಲಸವನ್ನು ತಿನ್ನುತ್ತದೆ, ಜೊತೆಗೆ ಬೆವರನ್ನೂ ಹಿಡಿದಿಡುತ್ತದೆ. ರಬ್ಬರ್ ಶೀಟು ಹಾಸಿಗೆಯನ್ನು ಕಾಪಾಡುತ್ತದೆ ನಿಜ, ಚರ್ಮವನ್ನು ಕಾಪಾಡುವುದಿಲ್ಲ. ಸೇಫ್ಟಿ ಪಿನ್ನು ಹತ್ತಿರ ಸುಳಿಯಬಾರದು.

ಮಂಚದ ಪಕ್ಕದ ಕಂಬಿಯನ್ನು ಮರೆಯಬೇಡಿ. ಹಾಸಿಗೆ 5 ಇಂಚು ಎತ್ತರವಾದರೆ ಕಂಬಿ 5 ಇಂಚು ಗಿಡ್ಡವಾದಂತೆ. ಅಂಚುಗಳು ಮೆತ್ತಗಿರುವುದರಿಂದ ತುದಿಗೆ ಬಂದವರು ಉರುಳುತ್ತಾರೆ. ಕಂಬಿಗೂ ಹಾಸಿಗೆಗೂ ನಡುವೆ ಮುಷ್ಟಿ ತೂರುವಷ್ಟು ಸಂದಿ ಉಳಿದರೆ, ಗೊಂದಲದಲ್ಲಿರುವ ಹಿರಿಯರ ತಲೆಯೋ ಎದೆಯೋ ಅಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು.

ಮಗ್ಗುಲು ಬದಲಿಸುವುದು

ಎರಡು ಗಂಟೆಗೊಮ್ಮೆ ಎಂಬ ರೂಢಿಯ ನಿಯಮವೇನೋ ಇದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕ ಮತ್ತು ಕೆನಡಾದ ಆರೈಕೆ ಕೇಂದ್ರಗಳ 942 ನಿವಾಸಿಗಳನ್ನು ಗಟ್ಟಿ ಫೋಮ್ ಹಾಸಿಗೆಯ ಮೇಲೆ 2, 3, 4 ಗಂಟೆಗೊಮ್ಮೆ ತಿರುಗಿಸಿ ನೋಡಿ, ಹುಣ್ಣಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದಿತು. ಇದನ್ನೇ ಹಿಡಿದು ತಿರುಗಿಸುವುದನ್ನು ಬಿಡಲು ಬರುವುದಿಲ್ಲ. ಅಲ್ಲಿ ಯಾರನ್ನೂ ತಿರುಗಿಸದೆ ಬಿಟ್ಟಿರಲಿಲ್ಲ. ಅದರಿಂದ ಕಲಿಯಬೇಕಾದದ್ದು ಬೇರೆ: ಒಳ್ಳೆಯ ಹಾಸಿಗೆಯ ಮೇಲಿರುವ, ಚರ್ಮ ಸರಿಯಿರುವವರಿಗೆ ರಾತ್ರಿ ಅಂತರವನ್ನು ಸ್ವಲ್ಪ ಹೆಚ್ಚಿಸಿ ನಿದ್ದೆಗೆ ಬಿಡಬಹುದು. ಎಷ್ಟು ಹೊತ್ತು ಎಂಬುದನ್ನು ಗಡಿಯಾರಕ್ಕಿಂತ ಚರ್ಮವೇ ಚೆನ್ನಾಗಿ ಹೇಳುತ್ತದೆ. ತಿರುಗಿಸಿದಾಗ ಕೆಳಗಿದ್ದ ಜಾಗ ಕೆಂಪಾಗಿದ್ದರೆ ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಬಿಳಿಚದೆ ಹಾಗೆಯೇ ಉಳಿದರೆ ಅದು ಮೊದಲ ಹಂತದ ಹುಣ್ಣು; ಅಂತರ ಕಡಿಮೆ ಮಾಡಿ, ನರ್ಸ್‌ಗೆ ತಿಳಿಸಿ. ಕಪ್ಪು ಅಥವಾ ಗೋಧಿ ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣದಿರಬಹುದು. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ತಣ್ಣಗಿದೆಯೇ, ಗಟ್ಟಿ ಅಥವಾ ಕೊಳೆತ ಹಣ್ಣಿನಂತೆ ಮೆತ್ತಗಿದೆಯೇ, ನೇರಳೆಗೆ ತಿರುಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಕೈಯಿಂದ ನೋಡಬೇಕು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಒಳಗೆ ಆಗಲೇ ನೊಂದ ಮಾಂಸ ಇನ್ನಷ್ಟು ಹರಿಯುತ್ತದೆ.

ತಿರುಗಿಸುವ ಕೆಲಸಕ್ಕೆ ಇಬ್ಬರು ಬೇಕು. ಪಂಪನ್ನು ಸ್ಟ್ಯಾಟಿಕ್‌ಗೆ ಹಾಕಿ, ಮಂಚವನ್ನು ಸೊಂಟದ ಎತ್ತರಕ್ಕೆ ತನ್ನಿ. “ಅಜ್ಜಿ, ಈಗ ನಿಮ್ಮನ್ನು ಬಲಮಗ್ಗುಲಿಗೆ ತಿರುಗಿಸ್ತೀವಿ” ಎಂದು ಹೇಳಿ. ಕಣ್ಣು ತೆರೆಯದವರಿಗೂ ಹೇಳಿ. ಭುಜದಿಂದ ತೊಡೆಯವರೆಗೆ ಹಾಸಿರುವ ಡ್ರಾ ಶೀಟಿನ ಅಂಚನ್ನು ಇಬ್ಬರೂ ಮೈಯ ಹತ್ತಿರಕ್ಕೆ ಸುರುಳಿ ಸುತ್ತಿ ಹಿಡಿದು, ಮೊದಲು ಇಡೀ ಮೈಯನ್ನು ಎಡಗಡೆಗೆ ಸರಿಸಿ. ಇದನ್ನು ಬಿಟ್ಟರೆ ತಿರುಗಿದ ಮೇಲೆ ಅವರ ಮೂಗು ಕಂಬಿಗೆ ತಾಗುತ್ತದೆ. ಸರಿಸುವಾಗ ಎತ್ತಿ ಸರಿಸಬೇಕು, ಎಳೆಯಬಾರದು. ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮೂಳೆ ಮಾತ್ರ ಮುಂದೆ ಹೋಗಿ ನಡುವಿನ ರಕ್ತನಾಳಗಳು ತಿರುಚುತ್ತವೆ. ಬಲತೋಳನ್ನು ಮೈಯಿಂದ ಸ್ವಲ್ಪ ದೂರವಿಟ್ಟು, ಎಡಗೈಯನ್ನು ಎದೆಯ ಮೇಲೆ ತಂದು, ಎಡಮಂಡಿ ಮಡಚಿ, ಭುಜ ಮತ್ತು ಸೊಂಟದ ಮೇಲೆ ಕೈಯಿಟ್ಟು ಒಟ್ಟಿಗೆ ಹೊರಳಿಸಿ.

ಪೂರ್ತಿ ಪಕ್ಕಕ್ಕೆ ಬೇಡ, 30 ಡಿಗ್ರಿ ಸಾಕು. 90 ಡಿಗ್ರಿ ಮಲಗಿಸಿದರೆ ತೊಡೆಯ ಮೇಲ್ಭಾಗದಲ್ಲಿ ಹೊರಚಾಚಿದ ಮೂಳೆಯ ಮೇಲೆಯೇ ಎಲ್ಲ ಭಾರ ಬೀಳುತ್ತದೆ. ಬೆನ್ನಿನ ಹಿಂದೆ ಉದ್ದಕ್ಕೆ ಒಂದು ದಿಂಬು ಆನಿಸಿ, ಸೊಂಟದ ಮೂಳೆಯ ಕೆಳಗೆ ಅಂಗೈ ತೂರಿಸಿ ನೋಡಿ. ಅದು ಹಾಸಿಗೆಗೆ ತಾಗದೆ ತೇಲುತ್ತಿರಬೇಕು. ಮಂಡಿಗಳ ನಡುವೆ ಒಂದು ದಿಂಬು. ಹಿಮ್ಮಡಿಗೆ ಏರ್ ಬೆಡ್ ಸಾಲದು, ಅಲ್ಲಿ ಮಾಂಸವೇ ಇಲ್ಲ. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ನಿಲ್ಲುವಂತೆ ಮಾಡಿ, ಮಂಡಿ ತುಸು ಮಡಚಿರಲಿ. ನೀರು ತುಂಬಿದ ಕೈಗವಸು, ನಡುವೆ ತೂತಿರುವ ಉಂಗುರದ ದಿಂಬು ಇವೆರಡನ್ನೂ ಬಿಟ್ಟುಬಿಡಿ. ಉಂಗುರ ತನ್ನ ಅಂಚಿನ ಸುತ್ತ ರಕ್ತ ತಡೆಯುತ್ತದೆ. ಕೊನೆಗೆ ಕೆಳಗಿನ ಕಿವಿ ಮಡಚಿಲ್ಲವೇ, ಮೂತ್ರದ ಪೈಪು ತೊಡೆಯ ಅಡಿಗೆ ಸಿಕ್ಕಿಲ್ಲವೇ ನೋಡಿ, ಕರೆಗಂಟೆ ಕೈಗೆಟುಕುವಂತಿಟ್ಟು, ಪಂಪನ್ನು ಮತ್ತೆ ಏರಿಳಿಯುವ ಕ್ರಮಕ್ಕೆ ತನ್ನಿ. ಈ ಕೊನೆಯದನ್ನೇ ಮರೆಯುವುದು ಹೆಚ್ಚು. ಕೆಲವು ಪಂಪುಗಳು ಒಂದಿಷ್ಟು ಹೊತ್ತಿನ ಮೇಲೆ ತಾವೇ ಹಿಂದಿರುಗುತ್ತವೆ, ಅಗ್ಗದವು ಹಾಗೆ ಮಾಡುವುದಿಲ್ಲ. ಕೊಳ್ಳುವಾಗ ಕೇಳಿ ತಿಳಿಯಬೇಕಾದ ಸಂಗತಿ ಇದು.

ತಲೆಭಾಗ ಎತ್ತುವಾಗ ಮೊದಲು ಮಂಡಿಯ ಭಾಗ ಎತ್ತಿ, ಆಮೇಲೆ ತಲೆ. ಇಲ್ಲದಿದ್ದರೆ ಮೈ ಕೆಳಕ್ಕೆ ಜಾರುತ್ತದೆ. ಊಟಕ್ಕೆ ಸಾಧ್ಯವಾದಷ್ಟು ನೇರವಾಗಿ ಕೂರಿಸಿ, ಊಟವಾದ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೆ ಬಿಡಿ, ಆಮೇಲೆ 30 ಡಿಗ್ರಿಗೆ ಇಳಿಸಿ.

ಒದ್ದೆಯ ವಿಚಾರ ಚಿಕ್ಕದು, ಆದರೆ ಬಿಡುವಂತಿಲ್ಲ. ತಿರುಗಿಸುವ ಪ್ರತಿ ಸಲವೂ ಡಯಾಪರ್ ನೋಡಿ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ, ಉಜ್ಜದೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಅಥವಾ ಡೈಮೆಥಿಕೋನ್ ಇರುವ ಕ್ರೀಮು ತೆಳ್ಳಗೆ ಹಚ್ಚಿ. ಒದ್ದೆಯಿಂದಾದ ಗಾಯವನ್ನೂ ಒತ್ತಡದ ಹುಣ್ಣನ್ನೂ ಬೇರೆಬೇರೆಯಾಗಿ ಗುರುತಿಸಬೇಕು: ಮೊದಲನೆಯದು ಅಂಚಿಲ್ಲದೆ, ಮಡಿಕೆಗಳಲ್ಲಿ ಹರಡಿಕೊಂಡಿರುತ್ತದೆ, ಎರಡನೆಯದು ಮೂಳೆಯ ಮೇಲೆಯೇ, ಸ್ಪಷ್ಟ ಅಂಚಿನೊಂದಿಗೆ ಇರುತ್ತದೆ. ಮೊದಲನೆಯದಕ್ಕೆ ಎಷ್ಟು ದುಬಾರಿ ಏರ್ ಬೆಡ್ ತಂದರೂ ಗುಣವಾಗದು.

ಕೊನೆಯ ದಿನಗಳಲ್ಲಿ

ಸಾವು ಹತ್ತಿರವಾದಾಗ ಏರ್ ಬೆಡ್ಡಿನ ಉದ್ದೇಶವೇ ಬದಲಾಗುತ್ತದೆ, ಅದನ್ನು ಬಳಸುವ ರೀತಿಯೂ ಬದಲಾಗಬೇಕು. ಇಲ್ಲಿಯವರೆಗೆ ಹುಣ್ಣು ತಡೆಯುವುದು ಮುಖ್ಯವಾಗಿತ್ತು. ಈಗ ನೋವಾಗದಿರುವುದು ಮುಖ್ಯ. ಒಂದೇ ಭಂಗಿಯಲ್ಲಿ ಮಾತ್ರ ಉಸಿರು ಹಗುರವಾಗಿದ್ದರೆ ಅವರನ್ನು ಆ ಭಂಗಿಯಲ್ಲೇ ಬಿಡಿ, ಗಡಿಯಾರ ನೋಡಿ ಎಬ್ಬಿಸಬೇಡಿ. ತಿರುಗಿಸುವಾಗ ಹುಬ್ಬು ಗಂಟಿಕ್ಕುವುದು, ನರಳುವುದು, ಕೈ ಬಿಗಿಹಿಡಿಯುವುದು ಕಂಡರೆ ನರ್ಸ್‌ಗೆ ಮೊದಲೇ ಹೇಳಿ, ನೋವಿನ ಔಷಧಿ ಹಿಡಿದ ಮೇಲೆ ಮೈ ಒರೆಸುವುದು, ಶೀಟು ಬದಲಿಸುವುದು, ತಿರುಗಿಸುವುದು ಎಲ್ಲವನ್ನೂ ಒಂದೇ ಸಲ ಮುಗಿಸಿ. ಪೂರ್ತಿ ಹೊರಳಿಸಲು ಆಗದಿದ್ದರೆ ದಿಂಬನ್ನು ಎರಡು ಇಂಚು ಸರಿಸುವುದೂ ಉಪಯೋಗಕ್ಕೆ ಬರುತ್ತದೆ. ಕೆಳಗೆ ಏರಿಳಿಯುವ ಅಲುಗಾಟವೇ ಕೆಲವರಿಗೆ ಹಿಂಸೆ, ಮರೆವಿನ ಕಾಯಿಲೆಯವರಿಗೆ ಭಯ; ಅಂಥವರಿಗೆ ಸ್ಟ್ಯಾಟಿಕ್ ಕ್ರಮದಲ್ಲೇ ಒತ್ತಡ ತುಸು ಇಳಿಸಿ, ಕೈ ಪರೀಕ್ಷೆ ಮಾಡಿ ಬಿಡಬಹುದು. ಪಂಪಿನ ಗುಂಯ್‌ಗುಡುವಿಕೆ ತಲೆಗೆ ಹತ್ತಿರವಿದ್ದರೆ ದೂರ ಸರಿಸಿ.

ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಮಗ್ಗುಲಿಗೆ ಮಲಗಿಸಿ ತಲೆ ತುಸು ಎತ್ತಿಡಿ. ಎಷ್ಟೋ ಸಲ ಅಷ್ಟರಿಂದಲೇ ಕಡಿಮೆಯಾಗುತ್ತದೆ. ನುಂಗಲಾರದವರ ಬಾಯಿಗೆ ನೀರು ಹನಿಸಬಾರದು. ಒದ್ದೆ ಮಾಡಿ ಹಿಂಡಿದ ಸ್ಪಂಜು ಕಡ್ಡಿಯಿಂದ ವಸಡು, ನಾಲಿಗೆ, ಕೆನ್ನೆಯ ಒಳಭಾಗ ಒರೆಸಿ, ತುಟಿಗೆ ಮುಲಾಮು ಹಚ್ಚಿ, ಎರಡು ಗಂಟೆಗೊಮ್ಮೆ ಅಥವಾ ಬಾಯಿ ಒಣಗಿದಾಗಲೆಲ್ಲ. ಪಾದ ತಣ್ಣಗಾಗಿ ಚರ್ಮದ ಮೇಲೆ ನೀಲಿ ಬಲೆಯಂಥ ಗೆರೆ ಮೂಡಿದರೆ ಹೊದಿಕೆ ಸಾಕು. ಬಿಸಿನೀರಿನ ಚೀಲ, ವಿದ್ಯುತ್ ಕಂಬಳಿ ಬೇಡವೇ ಬೇಡ: ಸುಟ್ಟರೂ ಹೇಳಿಕೊಳ್ಳುವ ಸ್ಥಿತಿಯಲ್ಲಿ ಅವರಿರುವುದಿಲ್ಲ, ಹಾಸಿಗೆಯ ಪ್ಲಾಸ್ಟಿಕ್ಕೂ ಮೆತ್ತಗಾಗಿ ಸೋರುತ್ತದೆ.

ಈ ದಿನಗಳಲ್ಲಿ ಸೊಂಟದ ಮೇಲೆ ಕೆಲವೇ ಗಂಟೆಗಳಲ್ಲಿ ಪಿಯರ್ ಹಣ್ಣಿನಾಕಾರದ ಅಥವಾ ಚಿಟ್ಟೆಯಾಕಾರದ ಕೆಂಪು, ನೇರಳೆ ಅಥವಾ ಕಪ್ಪು ಗಾಯ ಕಾಣಿಸಿಕೊಳ್ಳಬಹುದು. 1989ರಲ್ಲಿ ಕೆನಡಿ ಎಂಬ ನರ್ಸ್ ಇದನ್ನು ವಿವರಿಸಿದ್ದರಿಂದ ಕೆನಡಿ ಟರ್ಮಿನಲ್ ಅಲ್ಸರ್ ಎನ್ನುತ್ತಾರೆ. ಅಂಗಾಂಗಗಳು ಕೈಕೊಡುವಾಗ ಚರ್ಮವೂ ಒಂದು ಅಂಗವಾಗಿ ಕೈಕೊಡುತ್ತದೆ. ಸರಿಯಾಗಿ ತಿರುಗಿಸಿದ್ದರೂ, ಅತಿ ಉತ್ತಮ ಹಾಸಿಗೆ ಇದ್ದರೂ ಇದು ಬರಬಹುದು. ಬೆಳಗ್ಗೆ ಇರಲಿಲ್ಲ, ಸಂಜೆಗೆ ಇದೆ ಎಂಬುದನ್ನು ವೇಳೆ ಸಮೇತ ಬರೆದಿಟ್ಟು ನರ್ಸ್‌ಗೆ ತಿಳಿಸಬೇಕು. ಮನೆಯವರಿಗೆ ವಿವರಿಸಬೇಕಾದವರು ನರ್ಸ್ ಅಥವಾ ವೈದ್ಯರು. ಆದರೆ ದಿನವೂ ಚರ್ಮ ನೋಡಿ ಬರೆದ ದಾಖಲೆ ಇಲ್ಲದಿದ್ದರೆ ಇದು ನಿರ್ಲಕ್ಷ್ಯದ ಹುಣ್ಣೋ ಕೊನೆಗಾಲದ ಹುಣ್ಣೋ ಎಂದು ಯಾರಿಗೂ ಹೇಳಲಾಗುವುದಿಲ್ಲ. ಹಾಗಾಗಿ ಕೈಯಲ್ಲಿರುವ ನೋಟ್‌ಬುಕ್ಕು ಪಂಪಿನಷ್ಟೇ ಮುಖ್ಯ.

ಪ್ರಾಣ ಹೋದ ಮೇಲೆ ಪಂಪನ್ನು ತಕ್ಷಣ ಸ್ಟ್ಯಾಟಿಕ್‌ಗೆ ಹಾಕಿ. ಏರಿಳಿಯುತ್ತಲೇ ಇದ್ದರೆ ದೇಹ ಸಣ್ಣಗೆ ಅಲುಗಿದಂತೆ ಕಾಣುತ್ತದೆ, ನೋಡಲು ಬಂದ ಮನೆಯವರು ಉಸಿರಿದೆಯೆಂದು ತಪ್ಪು ತಿಳಿದು ಕಂಗಾಲಾಗುತ್ತಾರೆ. ಸ್ಟ್ಯಾಟಿಕ್ ಇಲ್ಲದ ಗುಳ್ಳೆ ಹಾಸಿಗೆಯಾದರೆ ಪಂಪು ಆರಿಸಿಬಿಡಿ.

ಕರೆಂಟು, ಸೋರಿಕೆ, ತೊಳೆಯುವುದು

ಕರೆಂಟು ಹೋದರೆ ಹಾಸಿಗೆ ನಿಧಾನವಾಗಿ ಇಳಿಯತೊಡಗುತ್ತದೆ. ಕೊಳವೆ ಹಾಸಿಗೆಗಳಲ್ಲಿ ಪೈಪು ಕಳಚಿ ಮುಚ್ಚಳ ಹಾಕುವ ವ್ಯವಸ್ಥೆ ಇರುತ್ತದೆ; ಗುಳ್ಳೆ ಹಾಸಿಗೆಯಲ್ಲಿ ಪೈಪುಗಳನ್ನು ಮಡಚಿ ಕ್ಲಿಪ್ ಹಾಕಿದರೆ ಸ್ವಲ್ಪ ಹೊತ್ತು ತಡೆಯಬಹುದು. ಆ ಹೊತ್ತಿನಲ್ಲಿ ಕೋಶಗಳು ಏರಿಳಿಯುವುದಿಲ್ಲ ಎಂಬುದು ನೆನಪಿರಲಿ, ತಿರುಗಿಸುವ ಅಂತರ ಕಡಿಮೆ ಮಾಡಿ. ಪಂಪಿಗೆ ಹೆಚ್ಚು ವಿದ್ಯುತ್ ಬೇಡವಾದ್ದರಿಂದ ಸಣ್ಣ ಇನ್ವರ್ಟರ್ ಸಾಕು. ಎದೆ ಒತ್ತುವ ತುರ್ತು ಬಂದರೆ ಸಿಪಿಆರ್ ವಾಲ್ವ್ ಎಳೆಯಬೇಕು, ಮೆತ್ತನೆ ಗಾಳಿಯ ಮೇಲೆ ಒತ್ತಿದ ಬಲ ವ್ಯರ್ಥವಾಗುತ್ತದೆ. ವಾಲ್ವ್ ಯಾವ ಕಡೆ ಇದೆ ಎಂಬುದು ಪಾಳಿಯ ಎಲ್ಲರಿಗೂ ಗೊತ್ತಿರಬೇಕು. ಗೊತ್ತಿಲ್ಲದೆ ಯಾರದೋ ಕೈ ತಾಗಿ ತೆರೆದುಕೊಂಡು ರಾತ್ರಿಯಿಡೀ ಗಾಳಿ ಹೋಗಿರುವುದೂ ಉಂಟು.

ಗಾಳಿ ನಿಲ್ಲದಿದ್ದರೆ ಮೊದಲು ಪೈಪಿನ ಜೋಡಣೆ, ಆಮೇಲೆ ವಾಲ್ವ್, ಆಮೇಲೆ ಪಂಪು ನೋಡಿ. ಪಂಪಿನ ಹಿಂಬದಿಯ ಫಿಲ್ಟರಿನಲ್ಲಿ ಧೂಳು ಕೂತಿದ್ದರೆ ಗಾಳಿಯ ಬಲವೇ ಇರುವುದಿಲ್ಲ. ಪಂಪಿನ ಬಾಯಿಗೆ ಬೆರಳಿಟ್ಟಾಗ ಎರಡೂ ರಂಧ್ರಗಳಲ್ಲಿ ಸರದಿಯಂತೆ ಗಾಳಿ ಬರುತ್ತಿದ್ದರೆ ಪಂಪು ಸರಿಯಿದೆ, ತೂತು ಹಾಸಿಗೆಯಲ್ಲಿದೆ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಿ, ಒಣಗಿಸಿ, ಜೊತೆಗೆ ಬಂದ ಪ್ಯಾಚ್ ಅಂಟಿಸಿ. ಹೊಲಿಗೆಯಂಥ ಬೆಸುಗೆಯ ಅಂಚಿನಲ್ಲೇ ಬಿಟ್ಟಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಬದಲಿಸಬೇಕು.

ಒಬ್ಬರು ಬಳಸಿದ ಹಾಸಿಗೆಯನ್ನು ಇನ್ನೊಬ್ಬರಿಗೆ ಕೊಡುವ ಮುನ್ನ ಸೋಪು ನೀರಿನಿಂದ ಒರೆಸಿ, ತಯಾರಕರು ಹೇಳಿದ ಪ್ರಮಾಣದ ತೆಳು ಬ್ಲೀಚ್ ದ್ರಾವಣ ಹಚ್ಚಿ, ಹೇಳಿದಷ್ಟು ಹೊತ್ತು ಬಿಟ್ಟು, ಮತ್ತೆ ಬರೀ ನೀರಿನಿಂದ ಒರೆಸಿ ನೆರಳಲ್ಲಿ ಒಣಗಿಸಿ. ಫಿನಾಯಿಲ್, ಸ್ಪಿರಿಟ್, ಕುದಿನೀರು ಹಾಕಬೇಡಿ; ಮೇಲ್ಪದರ ಬಿರುಕು ಬಿಡುತ್ತದೆ. ಮೇಲ್ಹೊದಿಕೆಯ ಜಿಪ್ ತೆರೆದು ಒಳಭಾಗ ನೋಡುವುದನ್ನು ಬಿಡಲೇಬಾರದು. ಒಳಗೆ ಕಲೆ ಕಂಡರೆ ಹೊದಿಕೆ ಸೋರಿದೆ ಎಂದರ್ಥ, ಮೇಲಿನಿಂದ ಎಷ್ಟೇ ಹೊಳೆಯುತ್ತಿದ್ದರೂ ಅದನ್ನು ಬದಲಿಸಬೇಕು. ಆಮೇಲೆ ಗಾಳಿ ತುಂಬಿ, ಒಂದು ರಾತ್ರಿ ಪಂಪು ಓಡಲು ಬಿಟ್ಟು, ಬೆಳಗ್ಗೆ ಒಬ್ಬರು ಅದರ ಮೇಲೆ ಮಲಗಿ, ಇನ್ನೊಬ್ಬರು ಸೊಂಟದ ಕೆಳಗೆ ಕೈ ತೂರಿಸಿ ನೋಡಲಿ.